ಗಣಕಯಂತ್ರವನ್ನು ಒರೆಗೆ ಹಚ್ಚಿದುದು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಕೇಶಿರಾಜನ ಸಂಧಿಪ್ರಕರಣವೋ ಷಟ್ಪದಿಗಳ ಲಕ್ಷಣವೋ ಆಗಿದ್ದಿರಬೇಕು. ಇಪ್ಪತ್ತೆಂಟು ವರ್ಷ ಅದನ್ನೇ ಪಾಠ ಹೇಳಿಕೊಂಡು ಬಂದವನಿಂದ ಬೇರೇನನ್ನು ತಾನೆ ಅಪೇಕ್ಷಿಸಿಯಾರು? ಆದರೆ ಈಚಿನ ವರ್ಷಗಳಲ್ಲಿ ನನ್ನನ್ನು ಅತ್ಯಂತ ವ್ಯಾಕುಲಗೊಳಿಸಿದುದು ಮನೆಯ ಮೂಲೆಯಲ್ಲಿ ಕುಳಿತಿರುವ ಒಂದು ಗಣಕಯಂತ್ರ. ಅದರ ವೃತ್ತಾಂತವನ್ನೇ ಇಲ್ಲಿ ನಿವೇದಿಸುತ್ತೇನೆ. ವಿದ್ವತ್ ಪರೀಕ್ಷೆಗೆ ಓದಿದವನು ಯಂತ್ರದ ವಿಷಯವನ್ನು ಬರೆಯುವುದು ಅಧಿಕಪ್ರಸಂಗವೆಂದು ತೋರಿದರೆ ವಾಚಕ ಮಹಾಶಯರು ಕ್ಷಮಿಸಬೇಕು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ರೈಲುಹಳಿಯ ಮೇಲೆ ಸಾಲಾಗಿ ಬರುವ ಊರುಗಳು. ನನ್ನ ಮನೆ ನಡುವಣ ಬ್ಯಾಡಗಿಯಲ್ಲಿ, ಶಾಲೆ ಹಾವೇರಿಯಲ್ಲಿ, ಬಂಧುಬಳಗವೆಲ್ಲ ರಾಣೆಬೆನ್ನೂರಿನ ಕಡೆ. ಹೀಗೆ ಓಡಾಡುವಾಗ ಕಿವಿಗೆ ಬಿದ್ದ ಒಕ್ಕಲುತನದ ಮಾತುಗಳನ್ನು 2011ರಿಂದ ಬರೆದಿಟ್ಟುಕೊಳ್ಳುತ್ತ ಬಂದೆ. ಈಸು, ಮೇಳಿ, ದಿಂಡು, ಮಿಣಿ, ಕಣಕಿ, ಹಗೇವು ಇಂಥವು. ಟ್ರ್ಯಾಕ್ಟರು ಬಂದ ಮನೆಯಲ್ಲಿ ಮೇಳಿಯನ್ನು ಹಿಡಿಯುವವರಿಲ್ಲ. ಹಗೇವನ್ನು ಮುಚ್ಚಿ ಅದರ ಮೇಲೆ ಸಿಮೆಂಟು ಹಾಕಿದ ಅಂಗಳದಲ್ಲಿ ಆ ಶಬ್ದಕ್ಕೂ ಸ್ಥಳವಿಲ್ಲ. ನನಗೆ ಈ ಪದಗಳನ್ನು ಹೇಳಿಕೊಟ್ಟ ಹಿರಿಯರಲ್ಲಿ ಅನೇಕರು ಈಗ ಇಲ್ಲ. ಸಂಗ್ರಹವು ಏಳು ಸಾವಿರ ಪದಗಳನ್ನು ಮೀರಿತು. ಅಷ್ಟನ್ನೂ 2014ರಲ್ಲಿ ಕೊಂಡ ಮನೆಯ ಗಣಕಯಂತ್ರದಲ್ಲಿ, ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸದ ಮೇಲೆ, ನುಡಿ ತಂತ್ರಾಂಶದಲ್ಲಿ ಒಂದೊಂದಾಗಿ ನಾನೇ ಅಚ್ಚುಮಾಡಿದ್ದೆ. ಮಾಡಿದ ಮೇಲೆ ಕಾಗದದ ಚೀಟಿಗಳನ್ನು ರದ್ದಿಗೆ ಹಾಕುತ್ತಿದ್ದೆ. ಈ ಅವಿವೇಕದ ಫಲವನ್ನು ಮುಂದೆ ಹೇಳುತ್ತೇನೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನೆರವೇರಿತಷ್ಟೆ. ಅಲ್ಲಿ ಕಲೆತ ಹಳೆಯ ಸಹಪಾಠಿಗಳು ಪದಕೋಶವನ್ನು ಬೇಗ ಅಚ್ಚಿಗೆ ಸಿದ್ಧಪಡಿಸೆಂದು ಒತ್ತಾಯಿಸಿದರು. ಉತ್ಸಾಹದಿಂದ ಮನೆಗೆ ಬಂದು ಯಂತ್ರದ ಮುಂದೆ ಕುಳಿತರೆ ಅದು ಮೇಲೇಳಲೊಲ್ಲದು. ಗುಂಡಿಯನ್ನೊತ್ತಿ, ಸ್ನಾನ ಮುಗಿಸಿ, ಪೂಜೆ ಮುಗಿಸಿ ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಉಪದೇಶಕ್ಕೆ ಕೊರತೆಯಿರಲಿಲ್ಲ. ಪೇಟೆಯ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದಾಗ ಅಲ್ಲಿದ್ದವರು ಮುಚ್ಚಳವನ್ನೂ ತೆರೆಯದೆ, "ಇದರ ಆಯುಷ್ಯ ಮುಗದೈತ್ರೀ ಸರ್, ಹೊಸಾದು ತಗೊಂಡ್ಬಿಡ್ರಿ" ಎಂದರು. ನೆರೆಮನೆಯ ತರುಣನು ಪುಕ್ಕಟೆ ದೊರೆಯುವ ಯಾವುದೋ ವೇಗವರ್ಧಕ ತಂತ್ರಾಂಶವನ್ನು ತಂದು ತುಂಬಿದ. ತಾನೂ ಯಂತ್ರದೊಡನೆಯೇ ಎದ್ದು ಕುಳಿತು ಅದೂ ಒಂದು ಹೊರೆಯಾಯಿತು. ಕೊನೆಗೆ ರಾಣೆಬೆನ್ನೂರಿನಲ್ಲಿ ಇಂಥ ಯಂತ್ರಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿಯಲ್ಲಿ ಕಷ್ಟವನ್ನು ತೋಡಿಕೊಂಡೆ. ಅವನು ಕೊಟ್ಟ ಉತ್ತರವನ್ನು ಅವನ ಮಾತಿನಲ್ಲಿಯೇ ಕೊಡುತ್ತೇನೆ: "ಸರ್, ಪ್ರಸ್ತಾರ ಹಾಕದ ಪದ್ಯದ ಛಂದಸ್ಸು ಹೇಳಬ್ಯಾಡಾ ಅಂತ ನೀವ ನಮಗ ಹೇಳತಿದ್ರಿ. ಇದಕ್ಕೂ ಮದಲ ಪ್ರಸ್ತಾರ ಹಾಕ್ರಿ."

ನಾನು ತರಗತಿಯಲ್ಲಿ ಆಡಿದ ಮಾತು ಇಷ್ಟು ವರ್ಷಗಳ ಮೇಲೆ ನನಗೇ ತಿರುಗಿ ಬಂತು. ಕಿವಿಗೆ ಕುಂಟಿದಂತೆ ಕೇಳಿಸಿದ ಪದ್ಯವನ್ನು ತಪ್ಪೆಂದು ಬಿಡಲಾಗದು. ಲಘುಗುರುಗಳನ್ನು ಗುರುತಿಸಿ, ಗಣ ವಿಭಾಗ ಮಾಡಿ, ಎಲ್ಲಿ ಮಾತ್ರೆ ಹೆಚ್ಚಿತು, ಎಲ್ಲಿ ಕಡಿಮೆಯಾಯಿತು ಎಂದು ತೋರಿಸಬೇಕು. ಯಂತ್ರವು ನಿಧಾನವೆಂದರೆ ಎಷ್ಟು ನಿಧಾನ, ಯಾವ ಕೆಲಸದಲ್ಲಿ, ಯಾವ ಹೊತ್ತಿನಲ್ಲಿ?

ಯಂತ್ರಗಳ ವೇಗವನ್ನು ಅಳೆಯಲೆಂದೇ ರಚಿತವಾದ ಕ್ರಮವಿಧಿಗಳುಂಟು. ಅವುಗಳಲ್ಲಿ ಪ್ರಖ್ಯಾತವಾದ ಹಳೆಯದೊಂದು 1972ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು, ಹೆಸರು ವೆಟ್‌ಸ್ಟೋನ್. ಅದು ಒಂದು ಊರಿನ ಹೆಸರಿನಿಂದ ಬಂದುದು, ಆದರೆ ಆ ಶಬ್ದದ ಅರ್ಥ ಸಾಣೆಕಲ್ಲು. 1984ರಲ್ಲಿ ಬಂದ ಇನ್ನೊಂದಕ್ಕೆ, ಮೊದಲನೆಯದರ ಉಚ್ಚಾರಣೆಯಲ್ಲಿ ಒದ್ದೆ ಎಂಬರ್ಥದ ಶಬ್ದವು ಕೇಳಿಸುವುದನ್ನು ಹಿಡಿದು, ಒಣಗಿದ್ದೆಂಬ ಅರ್ಥ ಧ್ವನಿಸುವಂತೆ ಡ್ರೈಸ್ಟೋನ್ ಎಂದು ಹೆಸರಿಟ್ಟರು. ಯಂತ್ರಶಾಸ್ತ್ರಜ್ಞರಲ್ಲಿಯೂ ಶ್ಲೇಷಪ್ರಿಯರಿದ್ದಾರೆಂದು ತಿಳಿದು ನನಗಾದ ಸಂತೋಷ ಸಣ್ಣದಲ್ಲ. ಆದರೂ ವಿದ್ಯಾರ್ಥಿಯ ಸಲಹೆಯಂತೆ ಒರೆಗಲ್ಲಾಗಿ ನನ್ನ ನಿತ್ಯದ ಕೆಲಸವನ್ನೇ ಆರಿಸಿಕೊಂಡೆ. ಗುಂಡಿಯನ್ನೊತ್ತಿದಾಗಿನಿಂದ ನುಡಿಯಲ್ಲಿ ಮೊದಲ ಅಕ್ಷರ ಮೂಡುವವರೆಗಿನ ಕಾಲವೊಂದು. ಚಿತ್ರಗಳ ಸಹಿತ ಪದಕೋಶದ ಮುಖ್ಯ ಕಡತವು ತೆರೆಯುವ ಕಾಲವೊಂದು. ಹಳೆಯ ನುಡಿ ಅಕ್ಷರಗಳಲ್ಲಿದ್ದ ಕಡತಗಳನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ ಅಕಾರಾದಿಯಾಗಿ ಜೋಡಿಸುವ ಕಾಲ ಮತ್ತೊಂದು. ಕೈಗಡಿಯಾರ ಮತ್ತು ಹಾಜರಿ ಪುಸ್ತಕದ ಒಂದು ಖಾಲಿ ಹಾಳೆ, ಇಷ್ಟೇ ಉಪಕರಣ.

ಮೊದಲ ದಿನವೇ ಒಂದು ಸೂಕ್ಷ್ಮ ತಿಳಿಯಿತು. ಕಡತವು ಮೊದಲ ಸಲ ತೆರೆಯಲು 95 ಸೆಕೆಂಡು ಹಿಡಿದರೆ ಮುಚ್ಚಿ ಪುನಃ ತೆರೆದಾಗ ಇಪ್ಪತ್ತೇ ಸೆಕೆಂಡು. ಒಮ್ಮೆ ಓದಿದುದನ್ನು ಯಂತ್ರವು ಕೆಲಕಾಲ ಸ್ಮೃತಿಯಲ್ಲಿಟ್ಟುಕೊಂಡಿರುತ್ತದೆ. ಈಗ ತಾನೆ ಬಾಯಿಪಾಠ ಒಪ್ಪಿಸಿದ ಹುಡುಗನನ್ನು ಮರುಕ್ಷಣವೇ ಕೇಳಿದಂತೆ. ಆದುದರಿಂದ ಪ್ರತಿಯೊಂದು ಪರೀಕ್ಷೆಗೆ ಮೊದಲು ಯಂತ್ರವನ್ನು ಆರಿಸಿ ಹೊತ್ತಿಸಬೇಕು, ಮೂರು ಸಲ ಅಳೆದು ನಡುವಣ ಸಂಖ್ಯೆಯನ್ನು ಹಿಡಿಯಬೇಕು. ಹೀಗೆ ದೊರೆತ ಲೆಕ್ಕ: ಎದ್ದು ನಿಲ್ಲಲು 4 ನಿಮಿಷ 20 ಸೆಕೆಂಡು, ಕಡತಕ್ಕೆ 95 ಸೆಕೆಂಡು, ಪರಿವರ್ತನೆಗೆ 6 ನಿಮಿಷ. ವಿಚಿತ್ರವೆಂದರೆ ಈ ಕೊನೆಯ ಸಂಖ್ಯೆ ಬೆಳಗಿನದು. ಮಧ್ಯಾಹ್ನದಲ್ಲಿ ಅದೇ ಕೆಲಸಕ್ಕೆ ಒಂಬತ್ತು ನಿಮಿಷಕ್ಕೂ ಮಿಕ್ಕುತ್ತಿತ್ತು. ಉಳಿದೆರಡರಲ್ಲಿ ಹೊತ್ತಿನ ಭೇದವಿರಲಿಲ್ಲ.

ಒಂದೇ ರೋಗವೆಂದು ತಿಳಿದಿದ್ದುದು ಎರಡೆಂಬ ಸಂಶಯ ಅಲ್ಲಿಯೇ ಹುಟ್ಟಿತು. ರಾಣೆಬೆನ್ನೂರಿನಿಂದ ವಿದ್ಯಾರ್ಥಿಯು ಭಾನುವಾರ ಬಂದು ಪ್ರೊಸೆಸರಿನ ಉಷ್ಣತೆಯನ್ನು ತೋರಿಸುವ ತಂತ್ರಾಂಶವೊಂದನ್ನು ಹಾಕಿದ. ಮಧ್ಯಾಹ್ನ ಪರಿವರ್ತನೆ ನಡೆಯುವಾಗ ಅದು ನೂರು ಡಿಗ್ರಿಯ ಸಮೀಪಕ್ಕೆ ಏರುತ್ತಿತ್ತು. ಅಷ್ಟು ಕಾದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಮುಚ್ಚಳ ತೆಗೆದೆವು. ಒಳಗಿನ ಬೀಸಣಿಗೆಯ ಕೆಳಗೆ ಕಂಬಳಿಯಂತೆ ಹಬ್ಬಿದ ಧೂಳು, ಅದರ ಬಣ್ಣ ಕೆಂಪು! ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದು ಎಲ್ಲರಿಗೂ ತಿಳಿದ ಸಂಗತಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅದರ ಕೀರ್ತಿ. ಬಣ್ಣದ ಮಾತು ಸತ್ಯ. ಖಾರದ ಮಾತನ್ನು ಆ ದಿನ ಗುರುಶಿಷ್ಯರಿಬ್ಬರೂ ಅರ್ಧ ಗಂಟೆ ಸೀನುತ್ತ ಪರಾಮರ್ಶಿಸಿದೆವು. ಧೂಳನ್ನು ಕುಂಚದಿಂದ ಜಾಡಿಸಿ, ಪ್ರೊಸೆಸರಿಗೂ ಅದರ ಮೇಲಣ ಲೋಹದ ತಗಡಿಗೂ ನಡುವೆ ಒಣಗಿ ಹೆಕ್ಕಳೆಯಾಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ ಮಧ್ಯಾಹ್ನದ ಪರಿವರ್ತನೆಯೂ ಆರು ನಿಮಿಷಕ್ಕೆ ಇಳಿಯಿತು. ಕಾಸೂ ಖರ್ಚಾಗಲಿಲ್ಲ, ಲೇಪದ ಬೆಲೆಯನ್ನು ಶಿಷ್ಯ ತೆಗೆದುಕೊಳ್ಳಲಿಲ್ಲ.

ಆದರೆ ಏಳುವ ಕಾಲ ಹಾಗೆಯೇ ಉಳಿಯಿತು. ಆ ವೇಗವರ್ಧಕವನ್ನೂ ಯಂತ್ರದೊಡನೆ ಏಳುತ್ತಿದ್ದ ಇತರ ಅನಾಹೂತ ಅತಿಥಿಗಳನ್ನೂ ತೆಗೆದುಹಾಕಿದಾಗ ಒಂದು ನಿಮಿಷದಷ್ಟು ಉಳಿಯಿತೇ ವಿನಾ ಮುಖ್ಯ ದೋಷ ಹೋಗಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಪ್ರೊಸೆಸರು ನೂರಕ್ಕೆ ಹತ್ತರಷ್ಟು ಮಾತ್ರ ದುಡಿಯುತ್ತಿದೆ, ಹಾರ್ಡ್ ಡಿಸ್ಕು ನೂರಕ್ಕೆ ನೂರು. ಇದರ ಅರ್ಥವನ್ನು ನಮ್ಮೂರಿನವರಿಗೆ ಸುಲಭವಾಗಿ ಹೇಳಬಹುದು. ಸುಗ್ಗಿಯ ದಿನ ಮಾರುಕಟ್ಟೆಯ ಬಾಗಿಲಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಒಳಗೆ ಎಷ್ಟು ಚುರುಕಾದ ತಕ್ಕಡಿಯನ್ನಿಟ್ಟರೇನು? ಜೀನ್ ಆಮ್ಡಾಲ್ ಎಂಬ ಗಣಕ ವಿಜ್ಞಾನಿ 1967ರಲ್ಲಿಯೇ ಇದಕ್ಕೆ ಹೋಲುವ ತರ್ಕವನ್ನು ಮುಂದಿಟ್ಟನು: ಕೆಲಸದ ಒಂದು ಭಾಗವನ್ನು ಎಷ್ಟೇ ಶೀಘ್ರಗೊಳಿಸಿದರೂ ಒಟ್ಟು ಲಾಭವು ಆ ಭಾಗವು ತಿನ್ನುತ್ತಿದ್ದ ಕಾಲವನ್ನು ಮೀರಲಾರದು. ನನ್ನ 95 ಸೆಕೆಂಡಿನಲ್ಲಿ ಪ್ರೊಸೆಸರಿನ ಪಾಲು ಹತ್ತು ಸೆಕೆಂಡೆಂದು ಹಿಡಿದರೆ, ಅದರ ಎರಡರಷ್ಟು ವೇಗದ ಪ್ರೊಸೆಸರನ್ನು ಕೊಂಡರೂ ನನಗೆ ಉಳಿಯುವುದು ಐದೇ ಸೆಕೆಂಡು.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ. ನನ್ನದು ನಿಮಿಷಕ್ಕೆ 7200 ಸುತ್ತು ತಿರುಗುವ ಜಾತಿಯದು. ಬೇಕಾದ ಅಕ್ಷರವಿರುವ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಸುಮಾರು ಎಂಟೋ ಒಂಬತ್ತೋ ಪಾಲು. ಹೀಗೆ ಚದುರಿಬಿದ್ದ ಕಡತಗಳಾದರೆ ಸೆಕೆಂಡಿಗೆ ಎಂಬತ್ತು ಕಡೆ ಹುಡುಕುವುದೇ ಹೆಚ್ಚು. ಎಸ್‌.ಎಸ್‌.ಡಿ. ಎಂಬ ಹೊಸ ಬಗೆಯದರಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸೆಕೆಂಡಿಗೆ ಸಾವಿರಾರು ಕಡೆ ಓದಬಲ್ಲುದು. "ಇದನ್ನ ಹಾಕಿದ್ರ ಮುಗೀತ್ರೀ" ಎಂದ ಶಿಷ್ಯನು, ಅದಕ್ಕೆ ಮೊದಲು ಹಳೆಯದರ ನಾಡಿಯನ್ನೊಮ್ಮೆ ನೋಡೋಣವೆಂದು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ತೆರೆದ. ನೀಲಿಯಿರಬೇಕಾದ ಕಡೆ ಹಳದಿ ಬಣ್ಣ ಬಂತು.

ಅವನ ಮುಖದ ನಗು ಮಾಯವಾಯಿತು. ಡಿಸ್ಕಿನಲ್ಲಿ ಕೆಟ್ಟ ಜಾಗಗಳನ್ನು ಬಿಟ್ಟು ಬೇರೆಡೆಗೆ ಸ್ಥಳಾಂತರಿಸಿದ ಲೆಕ್ಕವೂ, ಓದಲಾಗದೆ ಕಾದಿರುವ ಜಾಗಗಳ ಲೆಕ್ಕವೂ ಏರಿದ್ದವು. ಕೆಟ್ಟ ಜಾಗ ಎದುರಾದಾಗ ಡಿಸ್ಕು ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ನಾನು ಕಾಯುತ್ತಿದ್ದುದು ಆ ಯತ್ನಗಳನ್ನು. ಅಂದರೆ ವಿಲಂಬವು ಸ್ವತಃ ರೋಗವಾಗಿರದೆ ರೋಗದ ಲಕ್ಷಣವಾಗಿತ್ತು, ಮತ್ತು ನಾನು ದಿನಕ್ಕೆ ಮೂರು ಸಲದಂತೆ ಮಾಡಿದ ಪರೀಕ್ಷೆಗಳು ಸಾಯುತ್ತಿದ್ದ ಮುದುಕನನ್ನು ಮೆಟ್ಟಿಲು ಹತ್ತಿಸಿ ಇಳಿಸಿದಂತಾಗಿದ್ದವು. ಡಿಸ್ಕನ್ನು ಸರಿಪಡಿಸುವ ಆಜ್ಞೆಯೊಂದು ಯಂತ್ರದಲ್ಲಿಯೇ ಉಂಟೆಂದು ಓದಿದ್ದೆ, ಅದನ್ನು ಕೊಡಲು ಕೈ ನೀಡಿದೆ. ಶಿಷ್ಯನು ನನ್ನ ಕೈಯನ್ನೇ ಹಿಡಿದ. ಮೊದಲು ಪ್ರತಿ ತೆಗೆಯಬೇಕು, ಚಿಕಿತ್ಸೆಯ ಮಾತು ಆಮೇಲೆ. ನಾನು ಗುರು, ಅವನು ಶಿಷ್ಯ ಎಂಬ ಸಂಬಂಧ ಆ ರಾತ್ರಿ ತಲೆಕೆಳಗಾಗಿತ್ತು.

ಹೊರಗಿನ ಡಿಸ್ಕೊಂದಕ್ಕೆ ಪ್ರತಿ ಇಳಿಯತೊಡಗಿತು. ಮುಖ್ಯ ಪದಕೋಶ ಮೊದಲ ಗಂಟೆಯಲ್ಲಿಯೇ ಕ್ಷೇಮವಾಗಿ ಬಂತು. ನಡುರಾತ್ರಿಯ ಹೊತ್ತಿಗೆ ಒಂದು ಕಡತದಲ್ಲಿ ಕೆಲಸ ನಿಂತಿತು. 2016ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರ ಅಜ್ಜಿಯ ಬಾಯಿಂದ ಎರಡು ದಿನ ಕುಳಿತು ಬರೆದುಕೊಂಡಿದ್ದ 142 ಪದಗಳು ಅವು. ಬಿತ್ತನೆಯ, ಕಣದ, ಕಾಳು ಕಾಪಿಡುವ ಹೆಂಗಸರ ಮಾತುಗಳು. ಗಂಡಸರನ್ನು ಕೇಳಿ ದೊರೆಯುವಂಥವಲ್ಲ. ಮುಖ್ಯ ಕಡತಕ್ಕೆ ಇನ್ನೂ ಸೇರಿಸಿರಲಿಲ್ಲ. ಚೀಟಿಗಳು ರದ್ದಿಗೆ ಹೋಗಿದ್ದವು. ಅಜ್ಜಿ 2019ರಲ್ಲಿಯೇ ತೀರಿಕೊಂಡಿದ್ದರು. ಬೆಳಗಿನವರೆಗೆ ಯತ್ನಿಸಿದ ಮೇಲೆ 111 ಪದಗಳು ಬಂದವು.

ಉಳಿದುದನ್ನು ಬೇಗ ಮುಗಿಸುತ್ತೇನೆ. ಎರಡು ಸಾವಿರ ರೂಪಾಯಿಗೂ ಒಳಗೆ ಒಂದು ಎಸ್‌.ಎಸ್‌.ಡಿ. ಬಂತು. ಕೆಟ್ಟ ಡಿಸ್ಕಿನ ಪಡಿಯಚ್ಚು ಬೇಡವೆಂದು ಎಲ್ಲವನ್ನೂ ಹೊಸದಾಗಿಯೇ ಸ್ಥಾಪಿಸಿದೆವು. ಏಳುವ ಕಾಲ 31 ಸೆಕೆಂಡಿಗೆ, ಕಡತ ತೆರೆಯುವ ಕಾಲ 11 ಸೆಕೆಂಡಿಗೆ ಇಳಿದವು. ಪರಿವರ್ತನೆ ಮಾತ್ರ 5 ನಿಮಿಷ 40 ಸೆಕೆಂಡಿನಲ್ಲಿಯೇ ನಿಂತಿತು. ಅದು ಪ್ರೊಸೆಸರಿನ ಕೆಲಸ, ಡಿಸ್ಕಿಗೆ ಅದರಲ್ಲಿ ಪಾಲಿಲ್ಲ. 4 ಜಿ.ಬಿ. ಇದ್ದ ರ್‍ಯಾಮನ್ನು 8ಕ್ಕೆ ಏರಿಸಿದುದರಿಂದ ಈ ಮೂರು ಸಂಖ್ಯೆಗಳಲ್ಲಿ ಯಾವುದೂ ಬದಲಾಗಲಿಲ್ಲ. ಆದರೆ ಬರೆಯುವ ಮಣೆ ಅಗಲವಾದಂತೆ ನಾಲ್ಕಾರು ಕಡತಗಳನ್ನು ಒಟ್ಟಿಗೆ ತೆರೆದಿಟ್ಟು ದುಡಿಯುವುದು ಸಾಧ್ಯವಾಯಿತು. ವಿದ್ಯುತ್ತು ಹೇಳದೆ ಹೋಗಿ ಬರುವ ಊರಾದುದರಿಂದ ಯು.ಪಿ.ಎಸ್‌. ಒಂದನ್ನೂ ಇರಿಸಿದೆ. ಇಷ್ಟು ಹಳೆಯ ಪ್ರೊಸೆಸರಿಗೆ ವಿಂಡೋಸ್ 11ರಲ್ಲಿ ಮಾನ್ಯತೆಯಿಲ್ಲ. ವಿಂಡೋಸ್ 10ರ ಉಚಿತ ರಕ್ಷಣೆಯ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಅದನ್ನು ಅಂತರ್ಜಾಲಕ್ಕೆ ಜೋಡಿಸುವುದನ್ನು ನಿಲ್ಲಿಸಿದ್ದೇನೆ. ಪದಕೋಶದ ಒಂದು ಪ್ರತಿ ಬ್ಯಾಡಗಿಯ ಮನೆಯಲ್ಲಿ, ಒಂದು ಹಾವೇರಿಯ ಶಾಲೆಯ ಕಪಾಟಿನಲ್ಲಿ, ಒಂದು ರಾಣೆಬೆನ್ನೂರಿನಲ್ಲಿ ಶಿಷ್ಯನ ಬಳಿ ಇದೆ. ಪ್ರತಿ ತಿಂಗಳ ಮೊದಲ ಭಾನುವಾರ ಮೂರನ್ನೂ ಹೊಸದಾಗಿಸುತ್ತೇವೆ.

ಕಳೆದುಹೋದ 31 ಪದಗಳಿಗಾಗಿ ಆ ಹಳ್ಳಿಗೆ ಮೂರು ಸಲ ಹೋಗಿ ಬಂದೆ. ಅಜ್ಜಿಯ ಸೊಸೆ ಕಾಳು ಹಸನು ಮಾಡುತ್ತ ಕುಳಿತು, "ಅತ್ತಿ ಇದಕ್ಕ ಏನೋ ಅಂತಿದ್ಲು" ಎಂದು ನೆನಪಿಸಿಕೊಳ್ಳುತ್ತ 19ನ್ನು ಕೊಟ್ಟರು. ಉಳಿದ 12ಕ್ಕೆ ಕ್ರಮಸಂಖ್ಯೆಯುಂಟು, ಊರಿನ ಹೆಸರುಂಟು, ಪದವಿಲ್ಲ. ಅಳಿಸಲು ಮನಸ್ಸಾಗದೆ ಆ ಮನೆಗಳನ್ನು ಖಾಲಿ ಬಿಟ್ಟಿದ್ದೇನೆ. ಅಕಾರಾದಿಯಾಗಿ ಜೋಡಿಸಿದಾಗಲೆಲ್ಲ ಅವು ಳಕಾರವನ್ನೂ ದಾಟಿ ಪಟ್ಟಿಯ ತುದಿಗೆ ಹೋಗಿ ನಿಲ್ಲುತ್ತವೆ.