ಎರಡನೆಯ ಕೌದಿ

ಹೊಸದಾಗಿ ಸೂಜಿ ಹಿಡಿದವರಿಗೆ ಮೊದಲ ಕೌದಿ ಅಂಥ ಕಷ್ಟದ್ದಲ್ಲ. ಸೊಟ್ಟಗಾದರೂ ‘ಮೊದಲನೆಯದು ತಾನೇ’ ಎಂದು ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಕಷ್ಟವಿರುವುದು ಎರಡನೆಯದರಲ್ಲಿ. ಏನು ಹೊಲಿಯಬೇಕು, ಯಾರಿಗಾಗಿ ಹೊಲಿಯಬೇಕು, ಯಾವ ಬಟ್ಟೆಗೆ ಕತ್ತರಿ ಹಾಕಬೇಕು ಎಂಬ ಪ್ರಶ್ನೆಗಳೆಲ್ಲ ಆಗ ಒಟ್ಟಿಗೇ ಎದುರು ನಿಲ್ಲುತ್ತವೆ. ಧಾರವಾಡದ ಒಂದು ಮನೆಯಲ್ಲಿ, ಪಿಯುಸಿ ಮೊದಲ ವರ್ಷ ಮುಗಿಸಿದ ಹುಡುಗಿಯೊಬ್ಬಳು ಬೇಸಿಗೆಯ ರಜೆಯಲ್ಲಿ ಸಿಕ್ಕಿಕೊಂಡದ್ದು ಇವೇ ಪ್ರಶ್ನೆಗಳ ನಡುವೆ.

ಉತ್ತರ ಕರ್ನಾಟಕದ ಮನೆಗಳಿಗೆ ಕೌದಿ ಹೊಸದಲ್ಲ. ಸವೆದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಸೂಜಿದಾರ ಓಡಿಸಿದರೆ ಕೌದಿ. ಚಳಿಗೆ ಹೊದೆಯಲೂ ಆಯಿತು, ಬಂದವರಿಗೆ ಹಾಸಲೂ ಆಯಿತು. ಈ ಹುಡುಗಿಯ ಅಜ್ಜಿ ತನ್ನ ಕಾಲದಲ್ಲಿ ಹತ್ತಾರು ಕೌದಿ ಹೊಲಿದವಳು. ಈಗ ಒಂದು ಕಣ್ಣಿನ ನರ ಸೋತಿದೆ, ಇನ್ನೊಂದು ಮಂಜಾಗುತ್ತಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳೇ ಬೇಕು. ಹಾಗೆ ಪೋಣಿಸಿ ಕೊಡುತ್ತಲೇ ಹುಡುಗಿಗೆ ಹೊಲಿಗೆ ಅಂಟಿಕೊಂಡಿತು.

ಮೊದಲ ಕೌದಿಗೆ ಅವಳು ಒಂದು ಪುಸ್ತಕ ಇಟ್ಟುಕೊಂಡಿದ್ದಳು. ನಡುವೆ ಎಂಟು ಮೂಲೆಯ ನಕ್ಷತ್ರ ಬರಬೇಕಿತ್ತು. ಅಳತೆಪಟ್ಟಿ, ಪೆನ್ಸಿಲ್ ಎಲ್ಲ ಹಿಡಿದು ಕೂತರೂ ಎಂಟು ತುದಿಗಳು ಒಂದೆಡೆ ಕೂಡಲೇ ಇಲ್ಲ. ಬೇಸತ್ತು, ಸುತ್ತಲಿನ ಜಾಗವನ್ನು ಕೈಗೆ ಸಿಕ್ಕ ಉದ್ದನೆಯ ಪಟ್ಟಿಗಳಿಂದ ತುಂಬಿ ಮುಗಿಸಿಬಿಟ್ಟಳು. ಅಷ್ಟಕ್ಕೇ ಎರಡೂವರೆ ತಿಂಗಳು ಹಿಡಿದಿತ್ತು. ತಂದೆ ಒಮ್ಮೆ ನೋಡಿ, ‘ಸಿಇಟಿ ಪುಸ್ತಕ ಬಿಟ್ಟು ಹರಕ ಅರಿವಿ ಹಿಡಕೊಂಡ ಕುಂತಿಯಲ್ಲವಾ’ ಎಂದಿದ್ದರು.

ಅಜ್ಜಿ ಮಾತ್ರ ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು ಬೆರಳಿನಿಂದ ನೋಡಿದಳು. ನಕ್ಷತ್ರದ ಮೇಲೆ ಕೈ ನಿಲ್ಲಲಿಲ್ಲ. ಪಟ್ಟಿಗಳ ಕಡೆ ಬಂದಾಗ ನಿಂತಿತು. ಪ್ರತಿ ಅಗಲವಾದ ತಿಳಿ ಬಣ್ಣದ ಪಟ್ಟಿಯ ಪಕ್ಕ ಹುಡುಗಿ ತನಗರಿವಿಲ್ಲದೆಯೇ ಒಂದು ಸಪೂರ ಕಡುಬಣ್ಣದ ಪಟ್ಟಿ ಇಟ್ಟಿದ್ದಳು. ‘ಆ ನಡುವಿಂದು ಪುಸ್ತಕ ಹೊಲದದ್ದು. ಇದು ನೋಡವ್ವಾ, ಇದು ನೀ ಹೊಲದದ್ದು’ ಎಂದಳು ಅಜ್ಜಿ.

ಚಿತ್ರ ಬರೆಯುವವರು, ಹಾಡುವವರು, ಕತೆ ಬರೆಯುವವರು ಎಲ್ಲರಿಗೂ ತಮ್ಮದೇ ಒಂದು ಶೈಲಿ ಬೇಕೆಂಬ ಆತುರವಿರುತ್ತದೆ. ಹುಡುಕಿ ಹೊರಟರೆ ಅದು ಸಿಗುವುದು ಅಪರೂಪ. ಮಾಡಿದ ಕೆಲಸವನ್ನು ಮುಂದೆ ಹರಡಿಕೊಂಡು, ಕೈ ತಾನಾಗಿ ಎಲ್ಲೆಲ್ಲಿ ಹೋಗಿದೆ ಎಂದು ನೋಡಿದರೆ ಅಲ್ಲಿ ಕಾಣುತ್ತದೆ. ಅದಕ್ಕೆ ಮೊದಲು ಕೆಲಸ ಒಂದಾದರೂ ಮುಗಿದಿರಬೇಕು, ಅಷ್ಟೆ.

ಅದೇ ರಜೆಯಲ್ಲಿ ಹುಡುಗಿ ಹಳಿಯಾಳದ ಕಡೆಯ ಗೆಳತಿಯ ಊರಿಗೆ ಹೋದಾಗ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕವಂದಿ ನೋಡಿದಳು. ಆಫ್ರಿಕಾದಿಂದ ಬಂದವರ ವಂಶದವರು ಈ ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಅವರಲ್ಲಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕವಂದಿಗೆ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಮೂಲೆಯೊಂದರಿಂದ ಆರಂಭಿಸಿ, ತುಂಡುಗಳ ಅಂಚನ್ನು ಒಳಗೆ ಮಡಿಸುತ್ತ, ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಕೊನೆಗೆ ನಡುವಿಗೆ ಬಂದು ಸೇರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಮುಮ್ಮೂಲೆಯ ತುಂಡು ಕೂಡಿಸುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ಫೂಲ, ಎಂದರೆ ಹೂವು.

ಹುಡುಗಿ ಮನೆಗೆ ಬಂದವಳೇ ತನ್ನ ಮುಂದಿನ ಕೌದಿಗೂ ಫೂಲ ಇಡುವೆನೆಂದಳು. ಅಜ್ಜಿ ಬೇಡವೆನ್ನಲಿಲ್ಲ. ‘ಅದು ಅವರ ಮನಿ ಗುರುತು. ನಿನ್ನ ಗುರುತು ನಿನ್ನೆ ನನ್ನ ಬೆರಳಿಗೆ ಸಿಕ್ಕಿತ್ತಲ್ಲ’ ಎಂದಳು. ಇನ್ನೊಬ್ಬರಿಂದ ಕಲಿಯಬೇಕಾದದ್ದು ಹೂವನ್ನಲ್ಲ, ನಕ್ಷೆಯಿಲ್ಲದೆ ಹೊರಡುವ ಧೈರ್ಯವನ್ನು ಎಂಬುದು ಅವಳಿಗೆ ಆಗ ಹೊಳೆಯಿತು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳು ದುಡಿಮೆಯ ಹಳೇ ಬಟ್ಟೆಗಳಿಂದಲೇ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆಯೇರಿದವು; 2006ರಲ್ಲಿ ಅಲ್ಲಿನ ಅಂಚೆಚೀಟಿಯ ಮೇಲೂ ಬಂದವು. ಅವರೂ ಮನೆಯಲ್ಲಿದ್ದುದನ್ನೇ ನೋಡಿಕೊಂಡು ಹೊಲಿದವರು.

ಇಷ್ಟಾದರೂ ನಿಜವಾದ ಪರೀಕ್ಷೆ ಟ್ರಂಕಿನೊಳಗೆ ಕೂತಿತ್ತು. ಅಜ್ಜಿಯ ಮದುವೆಯ ಇಳಕಲ್ ಸೀರೆ. ಹತ್ತಿಯ ಒಡಲು, ಕೆಂಪು ರೇಷ್ಮೆಯ ತೋಪತೆನಿ ಸೆರಗು. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯ್ದದ್ದು. ‘ನನಗ ಇಷ್ಟಾದರೂ ಕಾಣೋತನಕ ಇದನ್ನ ಹೊಲದು ತೋರಸು. ಟ್ರಂಕಿನಾಗ ಇಟ್ರ ಏನ ಬಂತು?’ ಎಂದು ಅಜ್ಜಿಯೇ ಅದನ್ನು ಮೊಮ್ಮಗಳ ಕೈಗಿಟ್ಟಳು. ತಾಯಿ ಒಪ್ಪಲಿಲ್ಲ. ‘ಒಮ್ಮೆ ಕತ್ತರಿ ಹಾಕಿದ್ರ ಮತ್ತ ಸೀರಿ ಆಗತೈತೇನು?’ ಎಂಬ ಅವಳ ಮಾತೂ ಸುಳ್ಳಲ್ಲ. ಹುಡುಗಿಗಂತೂ ಕಾಲೇಜಿನ ಪ್ರದರ್ಶನಕ್ಕೆ ದೊಡ್ಡ ಮಂಚದ ಕೌದಿಯನ್ನೇ ಹೊಲಿಯುವ ಆಸೆ. ಕಾದರೆ ಅಜ್ಜಿಯ ಕಣ್ಣು ಕಾಯುವುದಿಲ್ಲ. ಆತುರಪಟ್ಟು ಕೆಡಿಸಿದರೆ ಸೀರೆ ಮರಳುವುದಿಲ್ಲ.

ಎರಡು ದಿನ ಯೋಚಿಸಿ ಅವಳು ನೋಟುಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡಳು. ಇದರಿಂದ ಹೊಸದಾಗಿ ಒಂದಾದರೂ ವಿದ್ಯೆ ಬರುತ್ತದೆಯೇ? ಉಳಿದ ನಾಲ್ಕು ವಾರಗಳಲ್ಲಿ ಮುಗಿಯುತ್ತದೆಯೇ? ಕೆಟ್ಟರೆ ತಾಳಿಕೊಳ್ಳಬಹುದೇ? ಮಂಚದ ಕೌದಿ ಮೊದಲ ಪ್ರಶ್ನೆಯಲ್ಲಿ ಪಾಸಾಗಿ ಉಳಿದೆರಡರಲ್ಲಿ ನಪಾಸಾಯಿತು. ಮೂರರಲ್ಲೂ ಪಾಸಾದದ್ದು ಚೊಚ್ಚಲ ಬಸುರಿ ಅಕ್ಕನ ಕೂಸಿಗೆ ಹಾಸುವ ಪುಟ್ಟ ಕೌದಿ. ಮೂರಡಿ ಉದ್ದ, ಎರಡೂವರೆ ಅಡಿ ಅಗಲ. ಒಳಪದರಕ್ಕೆ ತೀರಿಹೋದ ಅಜ್ಜನ ಮೆತ್ತನೆಯ ಧೋತರ, ಮೇಲೆ ಅವಳದೇ ಹಳೆಯ ಶಾಲೆಯ ಸಮವಸ್ತ್ರ. ಇಳಕಲ್ ಸೀರೆಯಿಂದ ತೆಗೆದುಕೊಂಡದ್ದು, ಕಾಲ ಹಿಮ್ಮಡಿಗೆ ಉಜ್ಜಿ ಉಜ್ಜಿ ಸವೆದಿದ್ದ ಕೆಳಗಿನ ಅಂಚಿನಿಂದ ಒಂದು ಸಪೂರ ಪಟ್ಟಿ ಮಾತ್ರ. ಅದಕ್ಕೆ ತಾಯಿಯೂ ಒಪ್ಪಿದಳು.

ಸಣ್ಣ ಕೆಲಸ ಕಲಿಸಿದ್ದು ಸಣ್ಣದೇನಲ್ಲ. ಕೆಂಪು ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಹತ್ತಿಯ ಜೊತೆ ನೈಲಾನ್ ಬೆರೆಸಿದರೆ ತೊಳೆದ ಮೇಲೆ ಹತ್ತಿ ಕುಗ್ಗಿ ಮೇಲ್ಮೈ ಸುಕ್ಕುಗಟ್ಟುತ್ತದೆ. ದಾರ ಉದ್ದವಾದಷ್ಟೂ ಗಂಟಾಗುತ್ತದೆ. ಕೂಸಿನ ಕೌದಿಗೆ ಗುಂಡಿ, ಮಣಿ ಬೇಡ. ಪದರಗಳನ್ನು ಬಿಗಿಯಾಗಿ ಎಳೆದು ಕಚ್ಚಾ ಹೊಲಿಗೆ ಹಾಕಿಕೊಳ್ಳದಿದ್ದರೆ ಎಲ್ಲವೂ ಒಂದೆಡೆಗೆ ಸರಿಯುತ್ತವೆ. ಎಳೆದು ಹಿಡಿಯಲು ನಾಲ್ಕು ಮೂಲೆಗೆ ನಾಲ್ಕು ಜನ ಬೇಕಾಯಿತು. ನಾಲ್ಕನೆಯ ಮೂಲೆ ಹಿಡಿದವರು ಪತ್ರಿಕೆ ಮಡಿಸಿಟ್ಟು ಎದ್ದು ಬಂದ ತಂದೆ.

ಮಕ್ಕಳ ಕೈಗೆ ಏನಾದರೂ ಕೊಡಬೇಕೆಂದಾಗ ಹಿರಿಯರು ಒಂದೋ ಅತ್ಯಮೂಲ್ಯವಾದುದನ್ನು ಕೊಟ್ಟು ಬೆದರಿಸುತ್ತಾರೆ, ಇಲ್ಲವೇ ಕೆಡಿಸಿಯಾರೆಂದು ಏನನ್ನೂ ಕೊಡುವುದಿಲ್ಲ. ಕೆಟ್ಟರೆ ಚಿಂತೆಯಿಲ್ಲದ, ಆದರೆ ಕೆಡಿಸಲು ಮನಸ್ಸಾಗದ ಒಂದು ಸಪೂರ ಪಟ್ಟಿ ಪ್ರತಿ ಮನೆಯಲ್ಲೂ ಎಲ್ಲೋ ಇದ್ದೇ ಇರುತ್ತದೆ.

ಕೌದಿ ಈಗ ಅರ್ಧ ದಾಟಿದೆ. ಬೆಳಿಗ್ಗೆ ಎರಡು ತಾಸು ಓದು, ಮಧ್ಯಾಹ್ನ ಹೊಲಿಗೆ ಎಂಬ ಕರಾರು ತಂದೆಯದು, ಅದು ನಡೆಯುತ್ತಿದೆ. ಸಂಜೆ ಅಜ್ಜಿ ಅಂದಿನ ಸಾಲುಗಳ ಮೇಲೆ ಬೆರಳಾಡಿಸುತ್ತಾಳೆ. ಹೊಲಿಗೆ ಉದ್ದವಾದಲ್ಲಿ ಅವಳ ಉಗುರು ತಟ್ಟನೆ ನಿಲ್ಲುತ್ತದೆ. ತನ್ನ ಸೀರೆಯ ಅಂಚು ಬಂದಲ್ಲಿಯೂ ನಿಲ್ಲುತ್ತದೆ, ಆದರೆ ಅಲ್ಲಿ ತಪ್ಪೇನೂ ಇರುವುದಿಲ್ಲ.