ಹೆಸರಿಲ್ಲದವರಿಗೊಂದು ಪುಟ

ಗೋಕುಲ್‌ಧಾಮ್ ಸೊಸೈಟಿ, ಪೌಡರ್ ಗಲ್ಲಿ, ಫಿಲ್ಮ್‌ಸಿಟಿ ರೋಡ್, ಗೋರೆಗಾಂವ್ ಪೂರ್ವ. 2008ರ ಜುಲೈ 28ರಂದು ಸಬ್ ಟಿವಿಯಲ್ಲಿ ಶುರುವಾದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ ನೋಡಿಕೊಂಡು ಬಂದವರಿಗೆ ಈ ವಿಳಾಸ ಬಾಯಿಪಾಠ. ಕಥೆಯಲ್ಲಿ ಸೊಸೈಟಿ ಇರುವುದು ಮುಂಬೈನ ಗೋರೆಗಾಂವ್‌ನಲ್ಲಿ. ಅದರ ಅಂಗಳದ ಸೆಟ್ ಹಾಕಿದ್ದೂ ಅಲ್ಲಿನ ಫಿಲ್ಮ್‌ಸಿಟಿಯಲ್ಲೇ. ಇಂಥ ಧಾರಾವಾಹಿಗೆ ಅಭಿಮಾನಿಗಳು ವಿಕಿ ಕಟ್ಟಲು ಕೂತರೆ ಮೊದಲ ದಿನಗಳ ಕೆಲಸ ಸಲೀಸು. ಜೇಠಾಲಾಲನಿಗೊಂದು ಪುಟ, ದಯಾಗೊಂದು, ಸೊಸೈಟಿಗೊಂದು. ನಟ್ಟೂ ಕಾಕಾನ ಸರದಿ ಬಂದಾಗ ಕೈ ಸ್ವಲ್ಪ ತಡೆಯುತ್ತದೆ. ಆತನ ಪೂರ್ತಿ ಹೆಸರು ನಟವರ್‌ಲಾಲ್ ಪ್ರಭಾಶಂಕರ್ ಉಂಧಾಯಿವಾಲಾ. ಆದರೆ ಹುಡುಕುವವರು ಹುಡುಕುವುದು ನಟ್ಟೂ ಕಾಕಾ ಎಂದೇ. ಆದ್ದರಿಂದ ತಲೆಬರಹಕ್ಕೆ ಅದೇ ಸರಿ. ಉದ್ದದ ಹೆಸರು ಮೊದಲ ವಾಕ್ಯದಲ್ಲಿ ಬಂದರೆ ಸಾಕು.

ನಿಜವಾದ ತೊಡಕು ಅಲ್ಲಿಂದ ಮುಂದಿನದು. ಯಾವ ಧಾರಾವಾಹಿಯಲ್ಲಾದರೂ ಒಂದೇ ಕಂತಿಗೆ ಬಂದು ನಾಲ್ಕು ಮಾತಾಡಿ ಹೋಗುವ ತರಕಾರಿಯವನಿರುತ್ತಾನೆ, ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ಹಿಂದೆ ನಿಲ್ಲುವ ಹವಾಲ್ದಾರನಿರುತ್ತಾನೆ. ಕಥೆ ಬರೆದವರು ಅವರಿಗೆ ಹೆಸರಿಟ್ಟಿರುವುದಿಲ್ಲ. ಅಷ್ಟಕ್ಕೇ ಅವರನ್ನು ಬಿಟ್ಟುಬಿಡಲು ಅಭಿಮಾನಿಯ ಮನಸ್ಸು ಒಪ್ಪದು. ಆದರೆ ತಲೆಬರಹವಿಲ್ಲದ ಪುಟವೆಂಬುದು ವಿಕಿಯಲ್ಲಿ ಇಲ್ಲವೇ ಇಲ್ಲ. ಹೇಳಬೇಕಾದುದೆಲ್ಲ ಕೈಯಲ್ಲಿದ್ದರೂ ಆ ಒಂದು ಸಾಲು ತುಂಬುವ ತನಕ ಪುಟ ಹುಟ್ಟುವುದಿಲ್ಲ.

‘ಶೋಲೆ’ಯನ್ನೇ ನೋಡಿ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರದಲ್ಲಿ ಬಂಡೆಯ ಮೇಲೆ ಕೂತ ಸಾಂಭಾ ಬಾಯಿ ಬಿಡುವುದೇ ಅಪರೂಪ. ಅವನ ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತು. ಜೈಲಿನ ಕ್ಷೌರಿಕನೂ ಹರಿರಾಮ್ ಎಂದು ಹೆಸರು ಪಡೆದಿದ್ದಾನೆ. ಅದೇ ಜೈಲನ್ನು ಆಳುವ, ಅಸ್ರಾನಿ ಮಾಡಿದ ಜೈಲರ್ ಬರೀ ಜೈಲರ್. ಲೀಲಾ ಮಿಶ್ರಾ ಮಾಡಿದ ಬಸಂತಿಯ ಚಿಕ್ಕಮ್ಮ ಬರೀ ಮೌಸಿ. ನೀರಿನ ಟ್ಯಾಂಕ್ ಹತ್ತಿದ ವೀರೂನಿಂದ ಹಿಡಿದು ಜೈವರೆಗೆ ಎಲ್ಲರೂ ಆಕೆಯನ್ನು ಕರೆದದ್ದು ಹಾಗೇ. ಇಂಥವರ ಪುಟಕ್ಕೆ ‘ಮೌಸಿ (ಶೋಲೆ)’ ಎಂದು ಬರೆದು ಕೈಬಿಡುವುದಕ್ಕಿಂತ ಪ್ರಾಮಾಣಿಕವಾದ ದಾರಿ ಇಲ್ಲ. ಮನೆಯವರು, ಊರವರು ಕರೆದಂತೆ ಕರೆಯುವುದರಲ್ಲಿ ಕೊರತೆಯೇನಿದೆ? ಸಿನಿಮಾದ ಹಳ್ಳಿ ರಾಮ್‌ಗಢ. ಆದರೆ ಸೆಟ್ ಹಾಕಿದ್ದ ಜಾಗವನ್ನು ರಾಮನಗರದವರು ನಿರ್ದೇಶಕ ರಮೇಶ್ ಸಿಪ್ಪಿಯ ನೆನಪಿಗೆ ಸಿಪ್ಪಿನಗರ ಎಂದರು. ಅದು ಜನರ ಬಾಯಲ್ಲಿ ಹುಟ್ಟಿದ ಹೆಸರು.

ಈ ಕೆಲಸವನ್ನು ಅತಿ ಶ್ರದ್ಧೆಯಿಂದ ಮಾಡಿದವರಲ್ಲಿ ‘ಸ್ಟಾರ್ ವಾರ್ಸ್’ ಅಭಿಮಾನಿಗಳು ಮುಖ್ಯರು. 2005ರಲ್ಲಿ ಶುರುವಾದ ಅವರ ವೂಕಿಪೀಡಿಯದಲ್ಲಿ ಹೆಸರು ಗೊತ್ತಿಲ್ಲದ ಪಾತ್ರಗಳ ಪುಟಗಳಿಗೆ ‘ಗುರುತು ಸಿಗದ’ ಎಂಬ ವಿಶೇಷಣ ಹಚ್ಚುತ್ತಾರೆ. ಸಂಪಾದಕರೇ ಊಹಿಸಿ ಇಟ್ಟ ಹೆಸರಾದರೆ ಇದು ಊಹೆಯ ತಲೆಬರಹ ಎಂದು ಪುಟದ ನೆತ್ತಿಯಲ್ಲೇ ಸೂಚನೆ ಹಾಕುತ್ತಾರೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಜನ ನಗರ ಬಿಟ್ಟು ಓಡುವ ದೃಶ್ಯವೊಂದಿದೆ. ಕಿತ್ತಳೆ ಬಣ್ಣದ ಉಡುಪಿನವನೊಬ್ಬ ಬಿಳಿಯ ಡಬ್ಬವೊಂದನ್ನು ಅಪ್ಪಿಕೊಂಡು ಕ್ಯಾಮೆರಾದ ಮುಂದೆ ಹಾದುಹೋಗುತ್ತಾನೆ. ಮಾತಿಲ್ಲ, ಎರಡನೇ ದೃಶ್ಯವಿಲ್ಲ. ಡಬ್ಬ ನೋಡಿದರೆ ಮನೆಯಲ್ಲಿ ಐಸ್‌ಕ್ರೀಮ್ ಮಾಡುವ ಯಂತ್ರದಂತೆ ಕಂಡಿತು; ಅಭಿಮಾನಿಗಳು ಅವನನ್ನು ಐಸ್‌ಕ್ರೀಮ್ ಯಂತ್ರದವನು ಎಂದೇ ಕರೆದರು. ವರ್ಷಗಳ ಮೇಲೆ ಅವನಿಗೆ ವಿಲ್‌ರೋ ಹುಡ್ ಎಂಬ ಹೆಸರು ಸಿಕ್ಕಿತು. 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅಂಥದೇ ಡಬ್ಬ ಮತ್ತೆ ಕಾಣಿಸಿಕೊಂಡು ಕ್ಯಾಮ್‌ಟೋನೋ ಎನಿಸಿಕೊಂಡಿತು. ಮೂವತ್ತೊಂಬತ್ತು ವರ್ಷ ಒಂದು ಡಬ್ಬಕ್ಕಾಗಿ ಕಾದ ಜನರ ಬಗ್ಗೆ ಗೌರವವೇ ಮೂಡಬೇಕು.

‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2001ರ ಮೊದಲ ಭಾಗದಲ್ಲಿ ಸಭೆಯಲ್ಲಿ ಸುಮ್ಮನೆ ಕೂತಿದ್ದ ಎಲ್ಫ್ ಒಬ್ಬನಿಗೆ ಅಭಿಮಾನಿಗಳು ಫಿಗ್ವಿಟ್ ಎಂದು ಹೆಸರಿಟ್ಟು ಎಷ್ಟು ಹಚ್ಚಿಕೊಂಡರೆಂದರೆ, 2003ರ ಮೂರನೇ ಭಾಗದಲ್ಲಿ ಆ ನಟ ಬ್ರೆಟ್ ಮೆಕೆಂಜಿಗೆ ಮಾತೇ ಸಿಕ್ಕಿತು. ಹೆಸರು ಸಿಗಲಿಲ್ಲ. ತೆರೆಯ ಮೇಲಿನ ಪಟ್ಟಿಯಲ್ಲಿ ಆತ ಬೆಂಗಾವಲಿನ ಎಲ್ಫ್ ಅಷ್ಟೇ.

ಹೆಸರಿಡುವ ಹುಮ್ಮಸ್ಸು ಸುಳ್ಳಿಗೂ ದಾರಿ ಮಾಡಬಲ್ಲದು. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೋವಾಟಿ ಎಂಬ ಪ್ರಾಣಿಯ ಪುಟಕ್ಕೆ ಹೋಗಿ, ಇದನ್ನು ಬ್ರೆಜಿಲ್‌ನ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ ಎಂದು ಸೇರಿಸಿದ. ಹಾಗೆ ಯಾರೂ ಕರೆಯುತ್ತಿರಲಿಲ್ಲ. ವರ್ಷಗಳಲ್ಲಿ ಆ ಹೆಸರು ಪತ್ರಿಕೆಗಳಿಗೆ, ಪುಸ್ತಕಗಳಿಗೆ ಹಬ್ಬಿತು. ಕೊನೆಗೆ ಅವನ್ನೇ ಆಧಾರವಾಗಿ ತೋರಿಸುವ ಸ್ಥಿತಿ ಬಂತು. ‘ನ್ಯೂಯಾರ್ಕರ್’ ಪತ್ರಿಕೆ ಇದರ ಕಥೆ ಬರೆದದ್ದು 2014ರಲ್ಲಿ. ವೂಕಿಪೀಡಿಯದವರು ನೆತ್ತಿಯಲ್ಲಿ ಹಾಕುವ ಆ ಒಂದು ಸಾಲಿನ ಬೆಲೆ ತಿಳಿಯುವುದು ಇಂಥಲ್ಲಿ. ಹೆಸರು ಯಾರು ಇಟ್ಟದ್ದೆಂದು ಹೇಳಿ ಇಟ್ಟರೆ ತಪ್ಪೇನಿಲ್ಲ. ಮುಚ್ಚಿಟ್ಟು ಇಟ್ಟರೆ ಮುಂದಿನವರೆಲ್ಲ ಮೋಸಹೋಗುತ್ತಾರೆ.

ನಮ್ಮಲ್ಲಿ ಇದು ಹೊಸ ಸಮಸ್ಯೆಯಲ್ಲ. ಭಾಗವತದ ರಾಸಲೀಲೆಯಲ್ಲಿ ಕೃಷ್ಣ ಒಬ್ಬ ಗೋಪಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಆಕೆಯ ಹೆಸರನ್ನು ಗ್ರಂಥ ನೇರವಾಗಿ ಹೇಳುವುದಿಲ್ಲ. ಭಕ್ತರೂ ವ್ಯಾಖ್ಯಾನಕಾರರೂ ಆಕೆಯಲ್ಲಿ ರಾಧೆಯನ್ನು ಕಂಡರು. ಅದೇ ಭಾಗ್ಯ ವಿದುರನ ತಾಯಿಗೆ ಒದಗಲಿಲ್ಲ. ಅಂಬಿಕೆ ತನ್ನ ಬದಲು ವ್ಯಾಸರ ಬಳಿಗೆ ಕಳಿಸಿದ ಆಕೆ ಮಹಾಭಾರತದಲ್ಲಿ ದಾಸಿ ಮಾತ್ರ. ಧರ್ಮ ಬಲ್ಲವನೆಂದು ಕುರುಸಭೆಯೇ ಗೌರವಿಸಿದವನ ಹೆತ್ತವಳು! ಕನ್ನಡದಲ್ಲಿ ಆಕೆಗೊಂದು ಪುಟ ಬರೆಯುವುದಾದರೆ ‘ವಿದುರನ ತಾಯಿ’ ಎಂದೇ ಬರೆಯಬೇಕು. ಈಚಿನ ಕಥನಗಳು ಕೊಟ್ಟ ಹೆಸರಿದ್ದರೆ ಅವು ಯಾರ ಕಥನದವೆಂಬ ಮಾಹಿತಿಯೊಂದಿಗೆ ಪುಟದ ಒಳಗೆ ಬರಲಿ.

ಕನ್ನಡ ಸಿನಿಮಾದಲ್ಲಿ ಈ ಕಷ್ಟವನ್ನು ಬೇಕೆಂದೇ ತಂದಿಟ್ಟವರು ಉಪೇಂದ್ರ. 1999ರ ‘ಉಪೇಂದ್ರ’ ಚಿತ್ರದ ನಾಯಕನ ಹೆಸರು ‘ನಾನು’. ಪುಟದಲ್ಲಿ ‘ನಾನು ಕೀರ್ತಿಯನ್ನು ಭೇಟಿಯಾಗುತ್ತೇನೆ’ ಎಂದು ಬರೆಯುವುದೋ ‘ಭೇಟಿಯಾಗುತ್ತಾನೆ’ ಎಂದೋ ತಿಳಿಯದೆ ಬರೆಯುವವರು ಪೇಚಿಗೆ ಬೀಳುತ್ತಾರೆ. 2010ರ ಡಿಸೆಂಬರ್‌ನಲ್ಲಿ ಬಂದ, ರಾಕ್‌ಲೈನ್ ವೆಂಕಟೇಶ್ ನಿರ್ಮಿಸಿದ ಚಿತ್ರಕ್ಕಂತೂ ಅಕ್ಷರದ ಹೆಸರೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು ಕೂಡಿಸಿ ಉಳಿದ ಮೂರು ಬೆರಳು ಎತ್ತಿದ ಕೈಯೇ ಅದರ ಶೀರ್ಷಿಕೆ. ಪೋಸ್ಟರಿನಲ್ಲಿ ಚಿಹ್ನೆ ಸಾಕು. ಆದರೆ ಟಿಕೆಟ್ ಕೌಂಟರಿನಲ್ಲಿ ಕೈ ಎತ್ತಿದರೆ ನಡೆಯುತ್ತದೆಯೆ, ಪತ್ರಿಕೆಯ ಸಾಲಿನ ನಡುವೆ ಏನು ಅಚ್ಚು ಹಾಕುವುದು? ಜನ ಆ ಕೈಯನ್ನು ‘ಸೂಪರ್’ ಎಂದು ಓದಿದರು. ವಿಕಿಪೀಡಿಯದ ಪುಟವೂ ಆ ಹೆಸರಿನಲ್ಲೇ ಇದೆ. ಪ್ರೇಕ್ಷಕರು ಓದಿಕೊಂಡ ಹೆಸರನ್ನೇ ಚಿತ್ರ ಹೊತ್ತುಕೊಂಡಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಗೋರೆಗಾಂವ್‌ಗೆ ಮರಳಿದರೆ, ಅಲ್ಲಿ ಊರಿನ ನೆಲವೇ ಇಂಥ ಹೆಸರುಗಳಿಂದ ತುಂಬಿದೆ. ಒಂದು ಕಾಲಕ್ಕೆ ರೈಲು ನಿಲ್ದಾಣ ಪಹಾಡಿ ಎನಿಸಿಕೊಂಡಿತ್ತು. ಆಸ್ತಿ ಕಾಗದಗಳಲ್ಲಿ ಇವತ್ತಿಗೂ ‘ಪಹಾಡಿ ಗೋರೆಗಾಂವ್’ ಗ್ರಾಮವಿದೆ. 1977ರಲ್ಲಿ ಸ್ಥಾಪನೆಯಾದ ಫಿಲ್ಮ್‌ಸಿಟಿಗೆ ದಾದಾಸಾಹೇಬ್ ಫಾಲ್ಕೆ ಚಿತ್ರನಗರಿ ಎಂದು ಹೆಸರಾದರೂ ರಿಕ್ಷಾದವರಿಗೆ ಫಿಲ್ಮ್‌ಸಿಟಿ ಅಂದರೇ ತಿಳಿಯುವುದು. 1949ರಲ್ಲಿ ಶುರುವಾದ ಆರೆ ಹಾಲಿನ ಕಾಲೊನಿಯಲ್ಲಿ ಎಮ್ಮೆ ಕೊಟ್ಟಿಗೆಗಳಿಗೆ ಕೊಟ್ಟ ಯುನಿಟ್ ನಂಬರುಗಳೇ ಈಗ ಮನುಷ್ಯರ ವಿಳಾಸ. ಜೋಗೇಶ್ವರಿ, ಗೋರೆಗಾಂವ್‌ಗಳ ನಡುವೆ ಹೊಸ ನಿಲ್ದಾಣ ಕಟ್ಟುವಾಗ ಅದನ್ನು ಓಶಿವಾರಾ ಎನ್ನುತ್ತಿದ್ದರು. 2016ರ ಡಿಸೆಂಬರ್ 22ರಂದು ತೆರೆದಾಗ ಬೋರ್ಡಿನ ಮೇಲಿದ್ದದ್ದು ರಾಮ ಮಂದಿರ, ಸಮೀಪದ ಹಳೆಯ ದೇವಸ್ಥಾನದ ಹೆಸರು. ಆ ರಸ್ತೆಯನ್ನು ಜನ ಮೊದಲಿನಿಂದಲೂ ರಾಮ ಮಂದಿರ ರೋಡ್ ಎಂದೇ ಕರೆಯುತ್ತಿದ್ದರು. ಕನ್ನಡದಲ್ಲಿ ಪುಟ ಬರೆಯುವವರು ‘ರಾಮ ಮಂದಿರ (ರೈಲು ನಿಲ್ದಾಣ)’ ಎಂದು ಕಂಸ ಹಾಕದಿದ್ದರೆ ಓದುಗರು ಅಯೋಧ್ಯೆಗೆ ಹೋಗಿಬಿಡುತ್ತಾರೆ.

ಇದೇ ನೆಲದಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿಗೆ, ಹೆಸರಿಡುವ ಅತಿ ಎಚ್ಚರದ ಕೆಲಸವೊಂದು ನಡೆಯುತ್ತದೆ. 2023ರ ಜುಲೈನಲ್ಲಿ ಫಿಲ್ಮ್‌ಸಿಟಿಯ ಧಾರಾವಾಹಿ ಸೆಟ್ಟಿಗೆ ಚಿರತೆ ನುಗ್ಗಿದ್ದು ಸುದ್ದಿಯಾಯಿತು. ಸುದ್ದಿಯಲ್ಲಿ ಅದು ‘ಒಂದು ಚಿರತೆ’. ಅಧ್ಯಯನ ಮಾಡುವವರಿಗೆ ಅಷ್ಟು ಸಾಲದು. ಯಾವ ಚಿರತೆ ಎಂದು ಗೊತ್ತಾಗಬೇಕು. 2015ರ ಕ್ಯಾಮೆರಾ ಅಧ್ಯಯನದಲ್ಲಿ ಉದ್ಯಾನ ಮತ್ತು ಸುತ್ತಲಿನ ಪ್ರದೇಶದಲ್ಲಿ 35 ಚಿರತೆಗಳನ್ನು ಬಿಡಿಬಿಡಿಯಾಗಿ ಗುರುತಿಸಿದ್ದರು. ಗುರುತು ಮೈಮೇಲಿನ ಚುಕ್ಕೆಗಳ ಗುಂಪಿನಲ್ಲಿದೆ; ಒಂದರದು ಇನ್ನೊಂದಕ್ಕಿಲ್ಲ. 2021ರಲ್ಲಿ ಆರೆಯಲ್ಲಿ ಜನರ ಮೇಲೆ ದಾಳಿಗಳಾದಾಗ ಸಿ-32, ಸಿ-33 ಎಂಬ ಗುರುತುಗಳು ಪತ್ರಿಕೆಗಳಲ್ಲಿ ಬಂದವು. ಬೋನಿಗೆ ಬಿದ್ದದ್ದು ಯಾವುದು, ಕಾಡಿನಲ್ಲಿ ಉಳಿದದ್ದು ಯಾವುದು ಎಂದು ಹೇಳಲು ಅಂಥ ಗುರುತೇ ಆಧಾರ.

ಕಷ್ಟವೆಂದರೆ ಚಿರತೆಯ ಎಡಮೈಯ ಚುಕ್ಕೆಗಳೇ ಬೇರೆ, ಬಲಮೈಯವೇ ಬೇರೆ. ಒಂದೇ ಬದಿಯ ಚಿತ್ರ ಸಿಕ್ಕಿದ್ದರೆ ಒಂದೇ ಪ್ರಾಣಿಗೆ ಎರಡು ಗುರುತು ಬೀಳುವ ಅಪಾಯವಿದೆ. ಅದಕ್ಕೇ ಹಾದಿಯ ಆಚೆಗೊಂದು ಈಚೆಗೊಂದು ಕ್ಯಾಮೆರಾ ಕಟ್ಟಿ, ನಡೆದು ಹೋಗುವಾಗ ಎರಡೂ ಮೈ ಒಟ್ಟಿಗೆ ಸಿಗುವಂತೆ ಮಾಡುತ್ತಾರೆ. ವಿಕಿಯಲ್ಲೂ ಹೀಗಾಗುತ್ತದೆ: ಇಬ್ಬರು ಅಭಿಮಾನಿಗಳು ಒಬ್ಬನೇ ಅನಾಮಿಕನಿಗೆ ಎರಡು ತಲೆಬರಹ ಕೊಟ್ಟು ಎರಡು ಪುಟ ಬರೆದಿರುತ್ತಾರೆ. ಒಂದೇ ಎಂದು ತಿಳಿದ ದಿನ ಪುಟಗಳನ್ನು ಕೂಡಿಸುತ್ತಾರೆ. ಹಳೆಯ ತಲೆಬರಹವನ್ನು ಅಳಿಸದೆ ಹೊಸದರತ್ತ ತಿರುಗಿಸಿ ಇಡುತ್ತಾರೆ, ಆ ಹೆಸರು ಹಿಡಿದು ಹುಡುಕಿಕೊಂಡು ಬಂದವರೂ ಪುಟ ಮುಟ್ಟಲಿ ಎಂದು.