ಸಿರಿಗೆರೆಯ ಸೋಮವಾರ

ಚಿತ್ರದುರ್ಗದಿಂದ ದಾವಣಗೆರೆಯತ್ತ ಸಾಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ ಬಯಲುಸೀಮೆಯ ನಿಜವಾದ ಮುಖ ಕಾಣತೊಡಗುತ್ತದೆ. ಮಳೆಯನ್ನೇ ನೆಚ್ಚಿದ ಮೆಕ್ಕೆಜೋಳ, ಈರುಳ್ಳಿ, ಹತ್ತಿಯ ಹೊಲಗಳು. ನಡುನಡುವೆ ಕೊಳವೆಬಾವಿಯ ನೀರಿನಿಂದ ಉಸಿರು ಹಿಡಿದ ಅಡಿಕೆ ತೋಟಗಳು. ಈ ನೆಲದ ನಡುವೆ ಇರುವ ಊರು ಸಿರಿಗೆರೆ. ಊರು ಸಣ್ಣದು, ಹೆಸರು ದೊಡ್ಡದು. ಶ್ರೀ ತರಳಬಾಳು ಜಗದ್ಗುರು ಬೃಹನ್ಮಠದ ನೆಲೆಯೆಂಬುದೇ ಅದಕ್ಕೆ ಕಾರಣ.

ಬಸವಣ್ಣನವರ ಕಾಲದ ಮರುಳಸಿದ್ಧರು ಈ ಪರಂಪರೆಯ ಮೂಲಪುರುಷರು. ಅವರು ತಮ್ಮ ಶಿಷ್ಯನನ್ನು ಸದ್ಧರ್ಮ ಪೀಠದಲ್ಲಿ ಕುಳ್ಳಿರಿಸಿ ‘ತರಳಾ, ಬಾಳು’ ಎಂದು ಹರಸಿದರೆಂಬುದು ಪರಂಪರೆಯ ನಂಬಿಕೆ. ತರಳನೆಂದರೆ ಮಗು. ಒಂದು ಪೀಠದ ಹೆಸರೇ ‘ಮಗುವೇ, ಬಾಳು’ ಎಂಬ ಹರಕೆಯಾಗಿರುವುದು ಎಂತಹ ಸೊಗಸು! ಬಾಳಗೊಡುವುದು ಗುರುಪೀಠದ ಕೆಲಸವೆಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ.

1940ರಲ್ಲಿ ಪೀಠವನ್ನೇರಿದ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಹಳ್ಳಿಹಳ್ಳಿಗೂ ಶಾಲೆಗಳನ್ನು ಕೊಂಡೊಯ್ದರು, ವಚನ ಸಾಹಿತ್ಯವನ್ನು ರಂಗಭೂಮಿಗೆ ತಂದರು. 1992ರ ಸೆಪ್ಟೆಂಬರ್ 24ರಂದು ಅವರು ಲಿಂಗೈಕ್ಯರಾದರು. 1979ರಲ್ಲಿ ಅವರ ಉತ್ತರಾಧಿಕಾರಿಗಳಾಗಿ ಪೀಠಾರೋಹಣ ಮಾಡಿದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಕಾಶಿಯಲ್ಲಿ ವ್ಯಾಸಂಗ ಮಾಡಿ, ಪಾಣಿನಿಯ ಅಷ್ಟಾಧ್ಯಾಯಿಯನ್ನು ಗಣಕಯಂತ್ರಕ್ಕೆ ಅಳವಡಿಸಿದ ವಿದ್ವಾಂಸರು. ಆದರೆ ಸಿರಿಗೆರೆಗೆ ಸೋಮವಾರದ ದಿನ ಬರುವ ಜನರು ಪಾಣಿನಿಯನ್ನು ಅರಸಿ ಬರುವವರಲ್ಲ. ಅವರು ಬರುವುದು ಸದ್ಧರ್ಮ ನ್ಯಾಯಪೀಠಕ್ಕೆ.

ಅಂದು ಮಠದ ಆವರಣವು ನೊಂದವರ ಸಂತೆಯಂತೆ ತೋರುತ್ತದೆ. ಕೈಯಲ್ಲಿ ಪಹಣಿಯ ಹಾಳೆ ಹಿಡಿದ ಅಣ್ಣ. ಮುಖ ತಿರುಗಿಸಿ ದೂರ ಕುಳಿತ ತಮ್ಮ. ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಣ್ಣುಮಗಳು, ಅವಳ ಪಕ್ಕದಲ್ಲಿ ಮಾತು ಸೋತ ತಂದೆ. ಮಕ್ಕಳಿದ್ದೂ ಊಟಕ್ಕೆ ಪರದಾಡುವ ವೃದ್ಧರು. ಬದುವಿನ ಒತ್ತುವರಿ, ಕೊಳವೆಬಾವಿಯ ನೀರಿನ ಪಾಳಿ, ಆಸ್ತಿಯ ಪಾಲು, ಕೊಟ್ಟ ಸಾಲ, ಮುರಿದ ದಾಂಪತ್ಯ: ಗ್ರಾಮಜೀವನದ ಗಾಯಗಳೆಲ್ಲ ಇಲ್ಲಿ ಬಿಚ್ಚಿಕೊಳ್ಳುತ್ತವೆ. ಅರ್ಜಿ ಕೊಟ್ಟವರ ಮಾತಷ್ಟೇ ಅಲ್ಲ, ಪ್ರತಿಪಕ್ಷದವರನ್ನೂ ಕರೆಸಿ ಅವರ ಮಾತನ್ನೂ ಕೇಳಲಾಗುತ್ತದೆ. ತಮ್ಮ ನೋವನ್ನು ತಮ್ಮದೇ ನುಡಿಯಲ್ಲಿ ಹೇಳಿಕೊಳ್ಳಲು ಅವಕಾಶವಿರುವುದರಿಂದ ಅಕ್ಷರ ಬಾರದ ಮುದುಕಿಯೂ ಇಲ್ಲಿ ವಾದಿಸಬಲ್ಲಳು.

ಇದರ ಬಲ ಯಾವುದು? ಮಠಕ್ಕೆ ಪೊಲೀಸರಿಲ್ಲ, ಸೆರೆಮನೆಯಿಲ್ಲ. ನಾಲ್ಕು ಜನರ ಎದುರು ಗುರುವಿನ ಮುಂದೆ ಸುಳ್ಳು ಹೇಳಲು ನಾಲಗೆ ತಡವರಿಸುತ್ತದೆಯಲ್ಲ, ಅದೇ ಇದರ ಬಲ. ನ್ಯಾಯಾಲಯದಲ್ಲಿ ಒಬ್ಬನು ಗೆದ್ದು ಮತ್ತೊಬ್ಬನು ಸೋಲುತ್ತಾನೆ. ಮರುದಿನ ಇಬ್ಬರೂ ಅದೇ ಊರಿನ ಅದೇ ಬಾವಿಯ ಬಳಿ ಎದುರಾಗಬೇಕು. ಆ ಮರುದಿನದ ಚಿಂತೆಯನ್ನು ಮಾಡುವುದು ಗುರುಪೀಠ.

ಆದರೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ರಾಜಿಯೆಲ್ಲವೂ ನ್ಯಾಯವಲ್ಲ. ಸಮಾನರಾದ ಇಬ್ಬರು ಸಹೋದರರು ತಲಾ ಒಂದು ಹೆಜ್ಜೆ ಹಿಂದೆ ಸರಿದರೆ ಅದು ಸೌಹಾರ್ದ. ಹೊಡೆತ ತಿಂದವಳಿಗೆ ‘ಹೊಂದಿಕೊಂಡು ಹೋಗಮ್ಮ’ ಎಂದರೆ ಅದು ಅನ್ಯಾಯಕ್ಕೆ ಹಾಕಿದ ಮುದ್ರೆ. ನಮ್ಮ ಊರುಗಳ ಪಂಚಾಯ್ತಿ ಕಟ್ಟೆಗಳು ಈ ಭೇದವನ್ನು ಮರೆತದ್ದು ಎಷ್ಟು ಸಲವೋ! ಹೆಣ್ಣಿಗೂ ಸಮಾನ ಸ್ಥಾನವನ್ನು ಕೊಟ್ಟ ಶರಣರ ಹೆಸರು ಹೇಳುವ ನಾವು, ನಮ್ಮ ಮನೆಯ ಹೆಣ್ಣುಮಗಳು ಅತ್ತುಕೊಂಡು ತವರಿಗೆ ಬಂದಾಗ ಮೊದಲು ಕೇಳುವುದು ‘ಜನ ಏನೆಂದಾರು?’ ಎಂದೇ ಅಲ್ಲವೆ? ‘ನಿನಗೇನಾಯಿತು?’ ಎಂದು ಕೇಳುವವರೆಷ್ಟು ಮಂದಿ?

ಆದುದರಿಂದ ಧರ್ಮಪೀಠದ ಸಾಂತ್ವನವೂ ದೇಶದ ಕಾನೂನೂ ಒಂದನ್ನೊಂದು ಅರಿತು ನಡೆಯಬೇಕು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಸ್ಪಷ್ಟವಾಗಿ ಬಂದಿವೆ. ಪರಸ್ಪರ ಒಪ್ಪಿ ಬೇರೆಯಾಗುವ ದಂಪತಿಗಳಿಗೂ ಆ ಕಾಯಿದೆಯಂತೆ ನ್ಯಾಯಾಲಯದ ಡಿಕ್ರಿ ಬೇಕು. ಹಿರಿಯರ ಮುಂದೆ ಬರೆದ ಆಸ್ತಿಯ ಪಾಲುಪತ್ರವು ನೋಂದಣಿಯಾಗದಿದ್ದರೆ ನಾಳೆ ಮೊಮ್ಮಕ್ಕಳ ಕಾಲಕ್ಕೆ ಹೊಸ ವ್ಯಾಜ್ಯಕ್ಕೆ ಬೀಜವಾಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ನಮ್ಮ ಕರ್ನಾಟಕವು 1994ರಲ್ಲಿಯೇ ಶಾಸನ ಮಾಡಿ ಕೊಡಲು ಮುಂದಾಯಿತು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ‘ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದೇವೆ, ಸಾಕು’ ಎಂಬ ಮಾತಿಗೆ ಈಗ ಬೆಲೆಯಿಲ್ಲ.

ವೃದ್ಧ ತಂದೆತಾಯಿಗಳಿಗೆ 2007ರ ಕಾಯಿದೆಯ ಆಸರೆಯಿದೆ. ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ಬಳಿ ಅರ್ಜಿ ಕೊಡಬಹುದು. ಗೃಹದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರಿಗೆ 2005ರ ಕಾಯಿದೆ ಇದೆ. ಜಿಲ್ಲಾ ಕೇಂದ್ರಗಳಲ್ಲಿ ‘ಸಖಿ’ ಕೇಂದ್ರಗಳಿವೆ. 181ಕ್ಕೆ ದೂರವಾಣಿ ಮಾಡಬಹುದು. ಜೀವಕ್ಕೆ ಅಪಾಯವಿರುವಾಗ ಮಠದ ಸೋಮವಾರಕ್ಕೂ ಕಾಯಬಾರದು, 112ಕ್ಕೆ ಕರೆ ಮಾಡಬೇಕು. ವಕೀಲರಿಗೆ ಹಣ ತೆರಲಾರದವರಿಗೆ ಕಾನೂನು ಸೇವಾ ಪ್ರಾಧಿಕಾರವು ಉಚಿತ ನೆರವು ನೀಡುತ್ತದೆ. ಸ್ತ್ರೀಯರಿಗೆ ಈ ನೆರವು ಪಡೆಯಲು ಆದಾಯದ ಮಿತಿಯೂ ಇಲ್ಲ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆಯಿದೆ.

ಸಿರಿಗೆರೆಯ ಮಾದರಿಯನ್ನು ನಮ್ಮ ಎಲ್ಲ ಮಠಗಳೂ ಸಮಾಜದ ಸಂಘಗಳೂ ತಮ್ಮ ತಮ್ಮ ಶಕ್ತಿಯಂತೆ ಅನುಸರಿಸಬಹುದು. ಅದಕ್ಕೆ ಸಿಂಹಾಸನ ಬೇಕಿಲ್ಲ. ವಾರಕ್ಕೊಂದು ದಿನ ತೆರೆದಿರುವ ಒಂದು ಕೋಣೆ, ಕಾನೂನು ಬಲ್ಲ ಒಬ್ಬರು, ಹೆಣ್ಣುಮಕ್ಕಳು ನಿರ್ಭಯವಾಗಿ ಮಾತನಾಡಬಲ್ಲ ಒಬ್ಬ ತಾಯಿ, ಕೇಳಿದ ಗುಟ್ಟನ್ನು ಹೊರಹಾಕದ ಸಂಯಮ, ಇಷ್ಟಿದ್ದರೆ ಸಾಕು. ಬಂದವರಿಗೆ ಒಂದು ತುತ್ತು ಪ್ರಸಾದವಂತೂ ನಮ್ಮಲ್ಲಿ ಇದ್ದೇ ಇರುತ್ತದೆ.

ದಾಸೋಹವೆಂದರೆ ಅನ್ನವೊಂದೇ ಅಲ್ಲ. ಹಸಿದವನಿಗೆ ಅನ್ನ, ಅರಿಯದವನಿಗೆ ಅಕ್ಷರ, ನೊಂದವನಿಗೆ ಕಿವಿ, ಈ ಮೂರೂ ಸೇರಿದರೆ ದಾಸೋಹ ಪೂರ್ಣ. ಮೊದಲನೆಯ ಎರಡರಲ್ಲಿ ನಮ್ಮ ಮಠಗಳು ನಾಡಿಗೇ ಮೇಲ್ಪಂಕ್ತಿಯಾಗಿವೆ. ಮೂರನೆಯದಕ್ಕೂ ಪ್ರತಿಯೊಂದು ಊರಿನಲ್ಲಿ ಒಂದು ಸೋಮವಾರ ಮೀಸಲಾಗಲಿ.